ಹೊಸ ಚೈನ್ ಹಾಕಿ ಬಿದ್ದ ಕಥೆ: ಸೈಕಲ್ ರಿಪೇರಿ ಮನೆಯಲ್ಲೇ ಮಾಡುವವರು ಓದಿ

ಸೈಕಲ್‌ಗೆ ಮನೆಯಲ್ಲೇ ಹೊಸ ಚೈನ್ ಹಾಕೋಣ ಅಂದುಕೊಂಡಿದ್ದರೆ ಹತ್ತು ನಿಮಿಷ ತಡೆಯಿರಿ. ನಾನು 480 ರೂಪಾಯಿಯ ಚೈನ್ ಹಾಕಿದೆ. ಆಮೇಲೆ ಆಸ್ಪತ್ರೆಗೆ ಒಂಬತ್ತು ಸಾವಿರ ಕೊಟ್ಟೆ. ಬಲಗೈಗೆ ಆರು ವಾರ ಪ್ಲಾಸ್ಟರ್. ರೊಟ್ಟಿ ಮುರಿದುಕೊಳ್ಳಲೂ ಹೆಂಡತಿಯನ್ನು ಕರೆಯಬೇಕಾಗಿತ್ತು. ಅವಳು ಮುರಿದುಕೊಡುವಾಗ ಏನೂ ಅನ್ನುತ್ತಿರಲಿಲ್ಲ, ಸುಮ್ನೆ ಸೈಕಲ್ ನಿಲ್ಲಿಸುವ ಜಾಗದ ಕಡೆ ನೋಡುತ್ತಿದ್ದಳು. ಬೈದಿದ್ದರೇ ಚೆನ್ನಾಗಿತ್ತು.

ನಾನಿರುವುದು ಬಳ್ಳಾರಿಯ ಗಾಂಧಿನಗರದಲ್ಲಿ. ಅಕ್ಕನ ಮನೆ ಸಂಡೂರಿನಲ್ಲಿ. ತಿಂಗಳಿಗೆ ಎರಡು ಸಲವಾದರೂ ಶನಿವಾರ ಕತ್ತಲಿರುವಾಗಲೇ ಸೈಕಲ್ ಹತ್ತಿ ಕುಡತಿನಿ, ತೋರಣಗಲ್ಲು ಮೇಲೆ ಹೊರಟುಬಿಡುತ್ತೇನೆ. ಹಿಂದೆ ಏಳು ಗೇರು, ಮುಂದೆ ಮೂರು ಇರುವ ಸಾದಾ ಸೈಕಲ್. ಆ ದಾರಿ ಕಂಡವರಿಗೆ ದೂಳಿನ ಬಗ್ಗೆ ಹೇಳಬೇಕಾಗಿಲ್ಲ. ಕುಡತಿನಿ ಹತ್ತಿರ ಬೂದಿ, ತೋರಣಗಲ್ಲು ದಾಟಿದರೆ ಅದಿರಿನ ಕೆಂಪು. ಬಿಳಿ ಅಂಗಿ ಹಾಕಿಕೊಂಡು ಹೋದರೆ ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಅದು ಬೇರೆಯವರ ಅಂಗಿ.

ಆ ದೂಳಿನಲ್ಲಿ ಓಡುವ ಚೈನಿಗೆ ನಾನು ಹಾಕುತ್ತಿದ್ದದ್ದು ಏನು ಗೊತ್ತಾ? ಬೈಕಿನಿಂದ ಇಳಿಸಿದ ಹಳೆ ಇಂಜಿನ್ ಆಯಿಲ್. ಪುಕ್ಕಟೆ ಸಿಗುತ್ತದೆ ಅಲ್ವಾ? ಮೂರು ವರ್ಷ ಅದನ್ನೇ ಸುರಿದೆ. ಒರೆಸುವ ಅಭ್ಯಾಸವೂ ಇರಲಿಲ್ಲ. ಗಟ್ಟಿ ಎಣ್ಣೆಗೆ ದೂಳು ಅಂಟುತ್ತದೆ, ಅಂಟಿದ್ದು ಪಿನ್ನುಗಳ ಸಂದಿಗೆ ಇಳಿಯುತ್ತದೆ. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ, ನಮ್ಮ ರಸ್ತೆಯ ಕೆಂಪೂ ಅದೇ. ಜೊತೆಗೆ ಮರಳು ಬೇರೆ. ಎಣ್ಣೆಯಲ್ಲಿ ಕಲಸಿದರೆ ಗ್ಯಾರೇಜಿನಲ್ಲಿ ವಾಲ್ವ್ ಉಜ್ಜುವ ಪೇಸ್ಟ್ ಇದೆಯಲ್ಲ, ಅಂಥದ್ದೇ ಒಂದು ತಯಾರು. ನಾನು ಪ್ರತಿ ಪೆಡಲಿಗೂ ನನ್ನ ಚೈನನ್ನು ನಾನೇ ಅರೆಯುತ್ತಿದ್ದೆ.

ಜುಲೈನಲ್ಲಿ ಗೇರು ಸರಿಯಾಗಿ ಬೀಳುತ್ತಿಲ್ಲ ಅಂತ ಊರಿನ ಒಂದು ಹೊಸ ಸೈಕಲ್ ಶೋರೂಮಿಗೆ ಹೋದೆ. ಹೆಸರು ಬೇಡ. ಅಲ್ಲಿದ್ದ ಹುಡುಗ ಒಂದು ಸಲ ಬಗ್ಗಿ ನೋಡಿ, "ಚೈನ್, ಫ್ರೀವೀಲ್, ಮುಂದಿನ ಚೈನ್‌ವೀಲ್, ಮೂರೂ ಹೋಗ್ಯಾವೆ ಸಾರ್. 2,600 ಆಗುತ್ತೆ" ಅಂದ. ಫ್ರೀವೀಲ್ ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಚೈನ್‌ವೀಲ್ ಅಂದರೆ ಪೆಡಲ್ ಹತ್ತಿರದ ಹಲ್ಲುಚಕ್ರ. ಅಳೆಯಲಿಲ್ಲ, ತೋರಿಸಲಿಲ್ಲ, ಯಾಕೆ ಅಂತ ಹೇಳಲಿಲ್ಲ. ವಾಚಿಗೆ ಸೆಲ್ ಹಾಕಿಸಲು ಹೋದರೆ ವಾಚೇ ಬದಲಿಸಿ ಅನ್ನುವ ಕಾಲ ಇದು. ನನಗೆ ಸಿಟ್ಟು ಬಂತು. ಮನೆಗೆ ಬಂದು ಆನ್‌ಲೈನ್‌ನಲ್ಲಿ ಬರೀ ಚೈನ್ ತರಿಸಿದೆ. ಆ ಹುಡುಗ ಹೇಳಿದ್ದರಲ್ಲಿ ಮೂರಕ್ಕೆ ಎರಡು ನಿಜವಾಗಿತ್ತು ಅಂತ ಗೊತ್ತಾಗಿದ್ದು ಆಮೇಲೆ.

ಚೈನ್ ಕೊಳ್ಳುವುದರಲ್ಲೂ ಒಂದು ಸಲ ಎಡವಿದೆ. ಮೊದಲು ಬಂದದ್ದು ಗೇರಿಲ್ಲದ ಸೈಕಲಿನ ಅಗಲ ಚೈನ್, 1/8 ಇಂಚಿನದು. ಗೇರ್ ಸೈಕಲಿಗೆ 3/32 ಇಂಚಿನದು ಬೇಕು, ಪೊಟ್ಟಣದ ಮೇಲೆ 6/7/8 ಗೇರು ಅಂತ ಬರೆದಿರುತ್ತದೆ. ವಾಪಸ್ ಕಳಿಸಿ ಸರಿಯಾದದ್ದು ತರಿಸಿದೆ.

ಭಾನುವಾರ ಮಧ್ಯಾಹ್ನ ಮಾಳಿಗೆ ಮೇಲೆ ಕೂತೆ. ಚೈನ್ ಕಟ್ಟರ್ ಇತ್ತು. ಹಳೆಯದನ್ನು ಬಿಚ್ಚಿ, ಕೊಂಡಿ ಎಣಿಸಿ, ಹೊಸದನ್ನೂ ಅಷ್ಟೇ ಕೊಂಡಿಗೆ ಕತ್ತರಿಸಿದೆ. ಆಮೇಲೆ ಎರಡನ್ನೂ ಒಂದೇ ಮೊಳೆಗೆ ಪಕ್ಕಪಕ್ಕ ನೇತುಹಾಕಿದೆ. ಹಳೆಯದು ಒಂದೂವರೆ ಸೆಂಟಿಮೀಟರ್‌ಗೂ ಜಾಸ್ತಿ ಕೆಳಗೆ ತೂಗುತ್ತಿತ್ತು! ಎಣಿಕೆ ತಪ್ಪಿತಾ ಅಂತ ಮತ್ತೆ ಎಣಿಸಿದೆ. ಇದರಲ್ಲೂ 112, ಅದರಲ್ಲೂ 112. ಹೊಸ ಚೈನಿನ ಕಂಪನಿಯವರು ಕಂಜೂಸುತನ ಮಾಡಿದ್ದಾರೆ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಸಾಕ್ಷಿ ಕಣ್ಣೆದುರೇ ನೇತಾಡುತ್ತಿದ್ದರೂ ಅದು ಏನು ಹೇಳುತ್ತಿದೆ ಅಂತ ನನಗೆ ಓದಲು ಬರಲಿಲ್ಲ.

ಅದೇ ದಿನ ಪೆಡಲ್ ಬಿಚ್ಚಿ ಗ್ರೀಸ್ ಹಾಕಲು ಹೋಗಿ ಎಡಗಡೆಯದರ ಮೇಲೆ ಅರ್ಧ ಗಂಟೆ ಗುದ್ದಾಡಿದೆ. ಪಾನಾಕ್ಕೆ ಪೈಪು ಸಿಕ್ಕಿಸಿ ತಿರುಗಿಸಿದೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇನ್ನೂ ಸ್ವಲ್ಪ ಜೋರು ಮಾಡಿದ್ದರೆ ಪೆಡಲ್ ಕೂರುವ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತು ಬರುತ್ತಿತ್ತು. ಪಕ್ಕದ ಮನೆಯವರು ಮಾಳಿಗೆಯಿಂದ ಇಣುಕಿ "ಏನ್ರಿ, ಬೋರ್ ಹಾಕ್ಸಾಕತ್ತೀರೇನು?" ಅಂದರು.

ಹೊಸ ಚೈನ್ ಹಾಕಿದ ಮೇಲೆ ಓಣಿಯಲ್ಲಿ ನಾಲ್ಕು ಸುತ್ತು ಹೊಡೆದೆ. ಬೆಣ್ಣೆ ಹಾಗೆ ಓಡಿತು. ಸದ್ದಿಲ್ಲ. ಎಲ್ಲ ಗೇರೂ ಬಿದ್ದವು. ನಿಮ್ಮನ್ನು ಎಚ್ಚರಿಸಬೇಕು ಅಂತ ನಾನು ಬರೆಯುತ್ತಿರುವುದು ಮುಖ್ಯವಾಗಿ ಈ ನಾಲ್ಕು ಸುತ್ತಿನ ಬಗ್ಗೆ. ಬಳ್ಳಾರಿಯ ಸಮತಟ್ಟು ಓಣಿಯಲ್ಲಿ ಹಗುರವಾಗಿ ಪೆಡಲ್ ತುಳಿದರೆ ಚೈನ್ ಜಾರುವ ದೋಷ ಕಾಣಿಸುವುದೇ ಇಲ್ಲ. ಚೈನಿನ ಮೇಲೆ ಪೂರ್ತಿ ಭಾರ ಬಿದ್ದಾಗ ಮಾತ್ರ ಕಾಣಿಸುತ್ತದೆ. ಮುಂದಿನ ಶನಿವಾರ ಸಂಡೂರಿನವರೆಗೆ ಹೋದೆ. ಎರಡು ಸಲ ಸಣ್ಣಗೆ 'ಟಿಕ್' ಅಂತ ಕಾಲ ಕೆಳಗೆ ಏನೋ ಜಾರಿದಂತಾಯಿತು. ಹೊಸದು, ಕೂತುಕೊಳ್ಳಲು ಸ್ವಲ್ಪ ದಿನ ಬೇಕು ಅಂತ ಬಿಟ್ಟೆ.

ಭಾನುವಾರ ಬೆಳಿಗ್ಗೆ ಅಕ್ಕನ ಮಗನ ಜೊತೆ ಕುಮಾರಸ್ವಾಮಿ ಗುಡಿಯ ಕಡೆ ಹೊರಟೆ. ಆಗಸ್ಟ್ ತಿಂಗಳು, ಗುಡ್ಡಗಳೆಲ್ಲ ಹಸಿರು. ಸಂಡೂರನ್ನು ಮಳೆಗಾಲದಲ್ಲಿ ನೋಡದೆ ಬಳ್ಳಾರಿ ಜಿಲ್ಲೆ ಒಣ ಜಿಲ್ಲೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಹುಡುಗ ಹತ್ತನೇ ಕ್ಲಾಸು, ಹಗುರ ಸೈಕಲ್, ಮುಂದೆ ಹಾರುತ್ತಿದ್ದ. "ಮಾಮ, ಬಾ!" ಅಂತ ಕೂಗಿದ. ದೊಡ್ಡ ಏರು ಇನ್ನೂ ಶುರುವಾಗಿರಲಿಲ್ಲ, ಒಂದು ಸಣ್ಣ ದಿಬ್ಬ ಅಷ್ಟೇ. ಗೇರು ಇಳಿಸದೆ ಸೀಟಿನಿಂದ ಎದ್ದು ನಿಂತು ತುಳಿದೆ.

ಟಕ್! ಬಲಗಾಲ ಕೆಳಗೆ ಪೆಡಲೇ ಇಲ್ಲ ಅನ್ನುವ ಹಾಗೆ ಕಾಲು ಕುಸಿಯಿತು. ಎದೆ ಹ್ಯಾಂಡಲ್‌ಗೆ ಬಡಿಯಿತು, ಹ್ಯಾಂಡಲ್ ತಿರುಗಿತು, ನಾನು ಬಲಕ್ಕೆ, ರಸ್ತೆಯ ನಡುವಿನ ಕಡೆಗೆ ಬಿದ್ದೆ. ಹಿಂದೆ ಬರುತ್ತಿದ್ದದ್ದು ಒಂದು ಬೈಕು. ಅವರು ತಪ್ಪಿಸಿಕೊಂಡರು. ಆ ಊರಿನ ರಸ್ತೆಗಳಲ್ಲಿ ಬೈಕಿನ ಬದಲು ಏನು ಬರುತ್ತಿರಬಹುದಿತ್ತು ಅಂತ ಯೋಚಿಸಲು ನಾನು ಹೋಗುವುದಿಲ್ಲ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಮೊಣಕಾಲಿಗೆ ಐದು ಹೊಲಿಗೆ.

ಸೈಕಲ್ ಅಕ್ಕನ ಮನೆಯಲ್ಲೇ ಉಳಿಯಿತು. ಹುಡುಗ ಸುಮ್ಮನಿರಬೇಕಲ್ಲ? ಒಂದು ಸಂಜೆ ಅದನ್ನು ಹತ್ತಿ ಅಂಗಳದಲ್ಲಿ ಎಲ್ಲ ಗೇರೂ ಹಾಕಿ ನೋಡಿದ್ದಾನೆ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ ಕೂಡಲೇ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ, ಚಕ್ರದ ಕಡ್ಡಿಗಳೊಳಗೆ ಹೋಗಿ ಸಿಕ್ಕಿಕೊಂಡು ಐದು ಕಡ್ಡಿ ಮುರಿದವು. ಸೈಕಲ್ ಬಲಕ್ಕೆ ಬಿದ್ದರೆ ಡಿರೇಲರ್ ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಬಿದ್ದ ಮೇಲೆ ಹಿಂದಿನಿಂದ ನೋಡಿ. ಡಿರೇಲರ್ ನೆಟ್ಟಗೆ ಕೆಳಗೆ ತೂಗಬೇಕು. ಕಡ್ಡಿಗಳ ಕಡೆ ವಾಲಿದ್ದರೆ ಓಡಿಸಬೇಡಿ, ಮೊದಲು ನೆಟ್ಟಗೆ ಮಾಡಿಸಿ. ಪಾಪ, ಹುಡುಗ ಎರಡು ದಿನ ನನಗೆ ಫೋನೇ ಮಾಡಲಿಲ್ಲ.

ಕೊನೆಗೆ ಭಾವನ ಸಾಮಾನು ಗಾಡಿಯಲ್ಲಿ ಸೈಕಲ್ ಬಳ್ಳಾರಿಗೆ ಬಂತು. ಈ ಸಲ ಶೋರೂಮ್ ಬೇಡ ಅಂತ ಕೌಲ್ ಬಜಾರಿನಲ್ಲಿರುವ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಅವರು ಏನೂ ಕೇಳಲಿಲ್ಲ. ಒಂದು ಹೊಸ ಫ್ರೀವೀಲ್ ತಂದು ನನ್ನದರ ಪಕ್ಕ ಹಿಡಿದರು. ಹೊಸದರ ಹಲ್ಲು ಎರಡೂ ಕಡೆ ಒಂದೇ ಸಮ. ನನ್ನದರಲ್ಲಿ ನಾಲ್ಕನೆಯ ಮತ್ತು ಐದನೆಯ ಗೇರಿನ ಹಲ್ಲುಗಳು ಕುಡುಗೋಲಿನ ಹಾಗೆ ಒಂದು ಕಡೆಗೆ ಬಾಗಿ ಚೂಪಾಗಿದ್ದವು. ಉಳಿದವು ಅಷ್ಟು ಕೆಟ್ಟಿರಲಿಲ್ಲ. ಸಮತಟ್ಟು ರಸ್ತೆಯಲ್ಲಿ ನಾನು ಮೂರು ವರ್ಷ ಓಡಿಸಿದ್ದು ಆ ಎರಡರಲ್ಲೇ. ದಿಬ್ಬದಲ್ಲಿ ಎದ್ದು ನಿಂತಾಗ ಇದ್ದದ್ದೂ ಅದರಲ್ಲೇ.

"ಚೈನ್ ಹೊಸಾದು, ಹಲ್ಲು ಮುದುಕಂದು. ಹೆಂಗ್ ಕೂಡ್ತಾವ್ ಸಾರ್?" ಅಂದರು ಚಾಚಾ. ಆಮೇಲೆ, "ಹಳೇದ ಇದ್ದಿದ್ರ ಇನ್ನೊಂದಾರು ತಿಂಗಳು ಓಡ್ತಿತ್ತು ನೋಡ್ರಿ" ಅಂತ ನಕ್ಕರು.

ನಗು ಬರುವ ಮಾತಲ್ಲ, ಆದರೆ ನಿಜ. ಚೈನ್ ಉದ್ದವಾಗುತ್ತದೆ ಅನ್ನುತ್ತೇವೆ. ಅದು ರಬ್ಬರಿನ ಹಾಗೆ ಎಳೆದುಕೊಳ್ಳುವುದಿಲ್ಲ. ಪಿನ್ನು ಮತ್ತು ಅದು ಕೂತ ತೂತು ಸವೆದು ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಸಡಿಲ ಬರುತ್ತದೆ. ಉದ್ದವಾದ ಚೈನಿಗೆ ಹೊಂದಿಕೊಂಡು ಫ್ರೀವೀಲಿನ ಹಲ್ಲೂ ಸವೆಯುತ್ತದೆ. ಎರಡೂ ಜೊತೆಗೇ ಸವೆದಿರುವುದರಿಂದ ಒಂದರೊಳಗೊಂದು ಕೂತು ಓಡುತ್ತಿರುತ್ತವೆ. ಅದಕ್ಕೇ ಹಳೆ ಚೈನ್ ಇದ್ದಾಗ ಒಂದು ಸಲವೂ ಜಾರಿರಲಿಲ್ಲ. ಹೊಸ ಚೈನ್ ಬಂದರೆ ಅದರ ಅಳತೆ ಬೇರೆ. ಸವೆದ ಹಲ್ಲಿನ ಬುಡಕ್ಕೆ ಅದು ಇಳಿಯುವುದಿಲ್ಲ. ಜೋರಾಗಿ ತುಳಿದರೆ ಹಲ್ಲು ಹತ್ತಿ ಜಿಗಿಯುತ್ತದೆ.

ಶೋರೂಮಿನ ಹುಡುಗ ಹೇಳಿದ ಮೂರನೆಯದು, ಮುಂದಿನ ಚೈನ್‌ವೀಲ್, ಇನ್ನೂ ಚೆನ್ನಾಗಿತ್ತು. ಅದರಲ್ಲಿ ಹಲ್ಲು ಜಾಸ್ತಿ, ಹಾಗಾಗಿ ನಿಧಾನವಾಗಿ ಸವೆಯುತ್ತದೆ. ಚಾಚಾ ಅದನ್ನು ಮುಟ್ಟಲೇ ಇಲ್ಲ. ಆ ಹುಡುಗ ಸುಳ್ಳು ಹೇಳಿದ ಅಂತ ನಾನು ಅನ್ನುವುದಿಲ್ಲ. ಒಂದು ಸ್ಕೇಲು ಹಿಡಿದು ತೋರಿಸಿದ್ದರೆ ನಾನು ಎರಡಕ್ಕೆ ಖುಷಿಯಿಂದ ದುಡ್ಡು ಕೊಡುತ್ತಿದ್ದೆ.

ಹೌದು, ಬರೀ ಸ್ಕೇಲು ಸಾಕು. ಇಂಚಿನ ಗುರುತು 12ರವರೆಗೆ ಸರಿಯಾಗಿರುವ ಸ್ಟೀಲ್ ಸ್ಕೇಲು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಾಲಿನವರ ಕಪ್ಪು ಸೈಕಲ್ಲಾಗಲಿ, ಗೇರ್ ಸೈಕಲ್ಲಾಗಲಿ ಅಷ್ಟೇ. ಪೆಡಲ್ ಸ್ವಲ್ಪ ಒತ್ತಿ ಹಿಡಿದು ಚೈನ್ ಬಿಗಿ ಮಾಡಿ. ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಹಿಡಿಯಿರಿ. ಆ ಪಿನ್ನು ಬಿಟ್ಟು ಮುಂದಿನ 24ನೇ ಪಿನ್ನಿನ ನಡುಮಧ್ಯ ಸರಿಯಾಗಿ 12 ಇಂಚಿಗೆ ಬಂದರೆ ಚೈನ್ ಚೆನ್ನಾಗಿದೆ. 1/16 ಇಂಚು, ಅಂದರೆ ಒಂದೂವರೆ ಮಿಲಿಮೀಟರ್‌ನಷ್ಟು ದಾಟಿದ್ದರೆ ಚೈನ್ ಬದಲಿಸಿ. ಆ ಹೊತ್ತಿಗೆ ಬದಲಿಸಿದರೆ ಸಾಮಾನ್ಯವಾಗಿ ಫ್ರೀವೀಲ್ ಉಳಿಯುತ್ತದೆ. 1/8 ಇಂಚು, ಅಂದರೆ ಮೂರು ಮಿಲಿಮೀಟರ್ ದಾಟಿದ್ದರೆ ಫ್ರೀವೀಲ್ ಕೂಡ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ನನ್ನ ಹಳೆ ಚೈನ್ ಮೂರೂವರೆ ದಾಟಿತ್ತು.

ಇಷ್ಟಾದರೂ ಅನುಮಾನ ಇದ್ದರೆ ಖಾಲಿ ಮೈದಾನಕ್ಕೆ ಹೋಗಿ. ಸೀಟಿನ ಮೇಲೆ ಕೂತೇ, ನಿಧಾನವಾಗಿ ಹೋಗುತ್ತಾ, ಹಿಂದಿನ ಬ್ರೇಕ್ ಸ್ವಲ್ಪ ಹಿಡಿದುಕೊಂಡು ಒಂದೊಂದೇ ಗೇರಿನಲ್ಲಿ ಜೋರಾಗಿ ತುಳಿಯಿರಿ. ಜಾರುವುದಿದ್ದರೆ ಅಲ್ಲೇ ಜಾರುತ್ತದೆ. ಎದ್ದು ನಿಂತು ಮಾತ್ರ ಪರೀಕ್ಷೆ ಮಾಡಬೇಡಿ. ಮಾಡಿದವನ ಮಣಿಕಟ್ಟು ಚಳಿಗೆ ಈಗಲೂ ನೋಯುತ್ತದೆ.

ಫ್ರೀವೀಲ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಪ್ರತಿ ಸಲ ಪೆಡಲ್ ತುಳಿದಾಗಲೂ ಅದು ಚಕ್ರದ ನಡುವಿನ ಹಬ್ ಮೇಲೆ ಇನ್ನಷ್ಟು ಬಿಗಿಯಾಗುತ್ತಾ ಹೋಗಿರುತ್ತದೆ. ಉಳಿ, ಸುತ್ತಿಗೆ ಹಿಡಿದು ಬಡಿದರೆ ಹಬ್ ಹೋಗುತ್ತದೆ. ಚಾಚಾ ಮಾಡಿದ್ದು ನೋಡಬೇಕಿತ್ತು. ಬಿಚ್ಚುವ ಟೂಲನ್ನು ಬೆಂಚ್‌ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನು ಮಲಗಿಸಿ ಅದರ ಮೇಲೆ ಕೂರಿಸಿ, ಬಸ್ಸಿನ ಸ್ಟೇರಿಂಗ್ ತಿರುಗಿಸುವ ಹಾಗೆ ಇಡೀ ಚಕ್ರವನ್ನೇ ಎಡಕ್ಕೆ ತಿರುಗಿಸಿದರು. ಕಟ್ ಅಂತ ಬಿಟ್ಟುಕೊಂಡಿತು. ಫ್ರೀವೀಲಿಗೆ 550, ಕಡ್ಡಿ ಹಾಕಿ ಚಕ್ರದ ಆಟ ತೆಗೆದದ್ದಕ್ಕೆ 200, ಹ್ಯಾಂಗರ್ ನೆಟ್ಟಗೆ ಮಾಡಿದ್ದಕ್ಕೆ ಚಹಾ. ನಾನು ಹಾಕಿದ್ದ ಹೊಸ ಚೈನನ್ನು ಅಳೆದರು. ಸರಿಯಾಗಿ 12 ಇಂಚು, ಅದನ್ನೇ ಇಟ್ಟುಕೊಂಡರು.

ಬ್ರೇಕ್ ರಬ್ಬರ್ ಕೂಡ ಅವರೇ ಕಿತ್ತು ತೋರಿಸಿದರು. ರಬ್ಬರಿನಲ್ಲಿರುವ ಗೆರೆ ಅಳಿಸಿಹೋಗಿತ್ತು. ಒಳಗೆ ರಿಮ್ಮಿನದೇ ಅಲ್ಯೂಮಿನಿಯಂ ಚೂರುಗಳು ಚುಚ್ಚಿಕೊಂಡು ಕೂತಿದ್ದವು. ಬ್ರೇಕ್ ಹಿಡಿದಾಗ ಬರುತ್ತಿದ್ದ ಗರಗರ ಸದ್ದು ರಿಮ್ಮನ್ನು ತಿನ್ನುವ ಸದ್ದು. ಅದನ್ನು ನಾನು ಒಂದು ವರ್ಷದಿಂದ ಕೇಳುತ್ತಿದ್ದೆ.

ಈಗ ಇಂಜಿನ್ ಆಯಿಲ್ ನಿಲ್ಲಿಸಿದ್ದೇನೆ. ಸೈಕಲ್ ಚೈನಿಗೆಂದೇ ಸಿಗುವ, ಒಣ ಹವೆಯಲ್ಲಿ ಬಳಸುವ ತೆಳು ಎಣ್ಣೆ ತಂದಿದ್ದೇನೆ. ಚೈನ್ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಹೊರಗಿನದೆಲ್ಲ ಹಳೆ ಬನಿಯನ್‌ನಿಂದ ಒರೆಸಿಬಿಡುತ್ತೇನೆ. ಎಣ್ಣೆ ಬೇಕಾಗಿರುವುದು ಪಿನ್ನಿನ ಒಳಗೆ, ಹೊರಗೆ ಅಲ್ಲ. ಸಂಡೂರಿಗೆ ಹೋಗಿ ಬಂದ ಮೇಲೆ ಪ್ರತಿ ಸಲ ಕಾಲು ಗಂಟೆ ಈ ಕೆಲಸ.

ಹಳೆ ಚೈನನ್ನು ಗುಜರಿಗೆ ಹಾಕಿಲ್ಲ. ಮಾಳಿಗೆಯ ಅದೇ ಮೊಳೆಗೆ ತೂಗುತ್ತಿದೆ. ಅದರ ಪಕ್ಕ ಅಕ್ಕನ ಮಗನ ಸ್ಟೀಲ್ ಸ್ಕೇಲು. ಪರೀಕ್ಷೆ ಬಂತು ಮಾಮ, ವಾಪಸ್ ಕೊಡು ಅಂತ ಎರಡು ಸಲ ಕೇಳಿದ್ದಾನೆ. ಹೊಸದು ಕೊಡಿಸಿದೆ, ಇದನ್ನು ಕೊಟ್ಟಿಲ್ಲ.