96 ಪ್ರಶ್ನೆ, ಐದು ಗುಣ: ವಿಐಎ ಸರ್ವೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ

ಕೆಲಸದಲ್ಲಿ ಹುರುಪಿಲ್ಲ, ಏತಕ್ಕಾಗಿ ದುಡಿಯುತ್ತಿದ್ದೇನೋ ತಿಳಿಯುತ್ತಿಲ್ಲ ಎನ್ನುವವರಿಗೆ ಸಲಹೆಗೇನೂ ಬರವಿಲ್ಲ. ಆದರೆ ‘ಮೊದಲು ನಿಮ್ಮನ್ನು ನೀವು ಅರಿತುಕೊಳ್ಳಿ’ ಎಂದು ಹೇಳಿ ಅಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಅರಿತುಕೊಳ್ಳುವುದು ಹೇಗೆ ಎಂಬುದಕ್ಕೆ ಕೈಗೊಂದು ಸಾಧನ ಕೊಡುವವರು ಕಡಿಮೆ. ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವ ವಿಐಎ (ವ್ಯಾಲ್ಯೂಸ್ ಇನ್ ಆ್ಯಕ್ಷನ್) ಸರ್ವೆ, ಅಂದರೆ ನಮ್ಮ ಒಳ್ಳೆಯ ಗುಣಗಳನ್ನು ಅಳೆಯುವ ಪ್ರಶ್ನಾವಳಿ, ಅಂಥ ಒಂದು ಸಾಧನ. ಹೆಚ್ಚೆಂದರೆ ಹದಿನೈದು ನಿಮಿಷದ ಕೆಲಸ, ಕೊನೆಗೆ 24 ಗುಣಗಳ ಪಟ್ಟಿ ಸಿಗುತ್ತದೆ. ಪಟ್ಟಿ ನೋಡಿ, ‘ಹೌದು, ನಾನು ಹೀಗೇ’ ಎಂದು ಖುಷಿಪಟ್ಟು ಪುಟ ಮುಚ್ಚುವವರು ಬಹಳ. ಆ ಖುಷಿ ಹೆಚ್ಚು ದಿನ ಬಾಳುವುದಿಲ್ಲ. ಈ ಸರ್ವೆಯ ನಿಜವಾದ ಬೆಲೆ ಇರುವುದು ಅದರ ನಂತರದ ಏಳು ದಿನಗಳಲ್ಲಿ. ಆ ಏಳು ದಿನಗಳ ಬಗ್ಗೆ ಫಲಿತಾಂಶದ ಪುಟದಲ್ಲಿ ಸಿಗುವ ಮಾಹಿತಿ ಸಾಲದು, ಅದಕ್ಕೇ ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಅದಕ್ಕೆ.

ಮನಃಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ 2004ರಲ್ಲಿ ಪ್ರಕಟಿಸಿದ ವರ್ಗೀಕರಣ ಇದರ ಬುನಾದಿ. ಮನಸ್ಸಿನ ಕಾಯಿಲೆಗಳಿಗೆ ವಿವರವಾದ ಪಟ್ಟಿ ಇದೆ, ಮನುಷ್ಯರಲ್ಲಿ ಚೆನ್ನಾಗಿರುವುದಕ್ಕೂ ಒಂದು ಇರಲಿ ಎಂದು ಮಾಡಿದ ಕೆಲಸ ಅದು. ಗುಣಗಳನ್ನು ವಿವೇಕ, ಧೈರ್ಯ, ಮಾನವೀಯತೆ, ನ್ಯಾಯ, ಸಂಯಮ, ತನಗಿಂತ ದೊಡ್ಡದರೊಂದಿಗಿನ ನಂಟು ಎಂಬ ಆರು ಗುಂಪುಗಳಲ್ಲಿ ಜೋಡಿಸಿದ್ದಾರೆ. ಕುತೂಹಲ, ಕಲಿಕೆಯ ಹಂಬಲ, ಛಲ, ಪ್ರಾಮಾಣಿಕತೆ, ದಯೆ, ನ್ಯಾಯಪರತೆ, ಮುಂದಾಲೋಚನೆ, ಕ್ಷಮೆ, ಕೃತಜ್ಞತೆ, ಭರವಸೆ, ಹಾಸ್ಯಪ್ರಜ್ಞೆ ಎಲ್ಲ ಇದರಲ್ಲಿ ಬರುತ್ತವೆ. ಲೆಕ್ಕದಲ್ಲಿ ಜಾಣ, ಹಾಡು ಬರುತ್ತದೆ ಎಂಬಂಥವು ಬರುವುದಿಲ್ಲ. ಅವು ಪ್ರತಿಭೆಗಳು. ಇಲ್ಲಿ ಅಳೆಯುವುದು ನಡೆನುಡಿಯಲ್ಲಿ ಕಾಣುವ ಗುಣವನ್ನು. ‘ನನಗೆ ಯಾವ ಉದ್ಯೋಗ ಹೊಂದುತ್ತದೆ’ ಎಂಬ ಉತ್ತರ ಹುಡುಕಿ ಬಂದವರಿಗೆ ಈ ಪಟ್ಟಿ ನಿರಾಸೆ ಮಾಡುತ್ತದೆ. ಅದು ಈ ಸರ್ವೆಯ ತಪ್ಪಲ್ಲ, ಅದರ ಉದ್ದೇಶವೇ ಬೇರೆ.

ಮೊದಲಿದ್ದ ಆವೃತ್ತಿಯಲ್ಲಿ 240 ವಾಕ್ಯಗಳಿದ್ದವು, ಒಂದೊಂದು ಗುಣಕ್ಕೆ ಹತ್ತರಂತೆ. ಈಗಿನದರಲ್ಲಿ 96, ಗುಣಕ್ಕೆ ನಾಲ್ಕು. ‘ಹಿಡಿದ ಕೆಲಸವನ್ನು ಅಡ್ಡಿ ಬಂದರೂ ಮುಗಿಸುತ್ತೇನೆ’ ಎಂಬ ಧಾಟಿಯ ವಾಕ್ಯ ಬರುತ್ತದೆ. ಅದು ನಿಮಗೆ ಎಷ್ಟು ಹೊಂದುತ್ತದೆ ಎಂದು ಐದು ಹಂತಗಳಲ್ಲಿ ಒಂದನ್ನು ಒತ್ತಬೇಕು. ಹೆಸರು, ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಆಮೇಲೆ ಬರುವ ಪ್ರಚಾರದ ಇಮೇಲ್‌ಗಳು ಬೇಡದಿದ್ದರೆ ನಿಲ್ಲಿಸಿಕೊಳ್ಳಬಹುದು. ಹಲವು ಭಾಷೆಗಳಲ್ಲಿ ಲಭ್ಯವಿದೆ, ನೀವು ಸಲೀಸಾಗಿ ಓದುವ ಭಾಷೆಯನ್ನೇ ಆರಿಸಿಕೊಳ್ಳಿ. ವಾಕ್ಯದ ಅರ್ಥ ಬಿಡಿಸುವುದರಲ್ಲೇ ಸುಸ್ತಾದರೆ ಐವತ್ತನೆಯದರ ಹೊತ್ತಿಗೆ ಬೆರಳು ತಾನಾಗಿ ನಡುವಿನ ಹಂತಕ್ಕೆ ಹೋಗತೊಡಗುತ್ತದೆ.

ಹಾಗೆ ನಡುವಿನದನ್ನೇ ಒತ್ತುತ್ತಾ ಹೋಗುವುದು ಮೊದಲ ತಪ್ಪು. ಎಲ್ಲ ಗುಣಗಳ ಅಂಕವೂ ಒಂದೇ ಮಟ್ಟಕ್ಕೆ ಬಂದು ಕೂರುತ್ತದೆ, ಪಟ್ಟಿಯ ಮೇಲು ಕೆಳಗಿಗೆ ಅರ್ಥ ಉಳಿಯುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ವಾಕ್ಯಗಳೆಲ್ಲ ಒಳ್ಳೆಯ ಗುಣವನ್ನೇ ಹೇಳುತ್ತವೆ, ಉಲ್ಟಾ ಕೇಳುವ ವಾಕ್ಯಗಳಿಲ್ಲ. ಹೀಗಾಗಿ ‘ನಾನು ಹೇಗಿದ್ದೇನೆ’ ಎನ್ನುವ ಬದಲು ‘ಹೇಗಿರಬೇಕು’ ಎಂಬುದಕ್ಕೆ ಉತ್ತರಿಸುವುದು ತೀರಾ ಸುಲಭ. ಇದಕ್ಕೊಂದು ಉಪಾಯವಿದೆ. ಪ್ರತಿ ವಾಕ್ಯಕ್ಕೂ ಕಳೆದ ಒಂದು ತಿಂಗಳಲ್ಲಿ ನಡೆದ ಒಂದಾದರೂ ಘಟನೆ ನೆನಪಾಗುತ್ತದೆಯೇ ನೋಡಿ. ಥಟ್ಟನೆ ನೆನಪಾದರೆ ಮೇಲಿನ ಹಂತ, ಏನೂ ಹೊಳೆಯದಿದ್ದರೆ ಕೆಳಗಿನದು. ಮೇಲಧಿಕಾರಿಯೊಂದಿಗೆ ಜಗಳವಾದ ದಿನ, ಬಡ್ತಿ ಸಿಕ್ಕ ದಿನ ಇದಕ್ಕೆ ಕೂರಬೇಡಿ.

ಇನ್ನು ಫಲಿತಾಂಶ. ಉಚಿತ ಪಟ್ಟಿಯಲ್ಲಿ 1ರಿಂದ 24ರವರೆಗೆ ಕ್ರಮಾಂಕ ಇರುತ್ತದೆ, ಅಂಕ ಇರುವುದಿಲ್ಲ. ಇದನ್ನು ಓದುವಾಗ ಬಹಳ ಜನ ಎಡವುತ್ತಾರೆ. ಲೆಕ್ಕ ಹಾಕಿ ನೋಡಿ: ನಾಲ್ಕು ವಾಕ್ಯ, ಒಂದಕ್ಕೆ 1ರಿಂದ 5 ಅಂಕ. ಅಂದರೆ ಒಂದು ಗುಣಕ್ಕೆ 4ರಿಂದ 20ರೊಳಗಿನ ಒಟ್ಟು ಬರಬೇಕು. ಇರುವುದು 17 ಮನೆ, ಕೂರಬೇಕಾದದ್ದು 24 ಗುಣ. ಕೆಲವಾದರೂ ಸಮಸಮ ಆಗಲೇಬೇಕು. ತಮ್ಮ ಬಗ್ಗೆ ಒಳ್ಳೆಯದನ್ನೇ ಹೇಳಿಕೊಳ್ಳುವುದು ಜನರ ಸಹಜ ಸ್ವಭಾವವಾದ್ದರಿಂದ ಅಂಕಗಳು ಮೇಲಿನ ಅರ್ಧದಲ್ಲೇ ಗುಂಪುಗೂಡುತ್ತವೆ, ಸಮಬಲ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ಐದನೆಯ ಸ್ಥಾನದ ಗುಣಕ್ಕೂ ಏಳನೆಯದಕ್ಕೂ ವ್ಯತ್ಯಾಸವೇ ಇಲ್ಲದಿರಬಹುದು. ‘ನ್ಯಾಯಪರತೆ ನನ್ನ ಮೊದಲ ಐದರಲ್ಲಿ ಇಲ್ಲವಲ್ಲ’ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಮೇಲಿನ ಐದನ್ನು ಸಿಗ್ನೇಚರ್ ಸ್ಟ್ರೆಂತ್ಸ್, ಅಂದರೆ ನಿಮ್ಮ ಗುರುತಿನಂಥ ಮುಖ್ಯ ಗುಣಗಳು ಎನ್ನುತ್ತಾರೆ. ಕಣ್ಣುಮುಚ್ಚಿ ಐದನ್ನು ಒಪ್ಪಿಕೊಳ್ಳುವುದಕ್ಕಿಂತ ಮೇಲಿನ ಎಂಟನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಜರಡಿ ಹಿಡಿಯುವುದು ಒಳ್ಳೆಯದು. ಒಂದೊಂದಕ್ಕೂ ಮೂರು ಪ್ರಶ್ನೆ ಸಾಕು. ಇದಿಲ್ಲದೆ ನಾನು ನಾನೇ ಅಲ್ಲ ಅನ್ನಿಸುತ್ತದೆಯೇ? ಇದನ್ನು ಬಳಸುವಾಗ ಯಾರೂ ಹಿಂದಿನಿಂದ ತಳ್ಳಬೇಕಾಗಿಲ್ಲವೇ? ಬಳಸಿದ ಮೇಲೆ ದಣಿವಿಗಿಂತ ಚೈತನ್ಯ ಹೆಚ್ಚೇ? ಮೂರಕ್ಕೂ ಹೌದು ಬಂದವನ್ನು ಮಾತ್ರ ಉಳಿಸಿಕೊಳ್ಳಿ, ಮೂರೇ ಉಳಿದರೂ ಚಿಂತೆಯಿಲ್ಲ. ಮೂರನೆಯ ಪ್ರಶ್ನೆ ಮುಖ್ಯ. ಮನೆಯ ಹಿರಿಮಗಳಿಗೆ ಜವಾಬ್ದಾರಿ ಬಿದ್ದೂ ಬಿದ್ದೂ ಮುಂದಾಲೋಚನೆ ಮೇಲಕ್ಕೆ ಬಂದಿರಬಹುದು. ಅದು ಅಭ್ಯಾಸ, ಒಲವಲ್ಲ. ಅದನ್ನು ಇನ್ನಷ್ಟು ಬಳಸು ಎಂದರೆ ಇನ್ನಷ್ಟು ಸುಸ್ತು.

ಪಟ್ಟಿಯ ತಳದಲ್ಲಿರುವವು ದೋಷಗಳಲ್ಲ. ನಿಮ್ಮದೇ ಗುಣಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದಷ್ಟೇ ಈ ಕ್ರಮ ಹೇಳುತ್ತದೆ. ಪಕ್ಕದವರ ಪಟ್ಟಿಯ ಜೊತೆ ಹೋಲಿಸಲು ಬರುವುದಿಲ್ಲ. ನಿಮಗೆ 24ನೆಯದಾದ ಕ್ಷಮೆ, ಇನ್ನೊಬ್ಬರಿಗೆ 3ನೆಯದಾದ ಕ್ಷಮೆಗಿಂತ ಹೆಚ್ಚಿದ್ದರೂ ಇರಬಹುದು.

ಈಗ ಆ ಏಳು ದಿನಗಳ ವಿಷಯ. ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರನ್ನು ಗುಂಪುಗಳಾಗಿ ಹಂಚಿ, ಒಂದೊಂದು ಗುಂಪಿಗೆ ಒಂದು ವಾರದ ಅಭ್ಯಾಸ ಕೊಟ್ಟು, ಆರು ತಿಂಗಳವರೆಗೆ ಹಿಂಬಾಲಿಸಿದರು. ತಮ್ಮ ಮೇಲಿನ ಐದು ಗುಣಗಳನ್ನು ಗುರುತಿಸಿಕೊಂಡು ಆ ವಾರ ಹೆಚ್ಚಾಗಿ ಬಳಸಿ ಎಂದಷ್ಟೇ ಹೇಳಿಸಿಕೊಂಡವರ ಸಂತೋಷದ ಏರಿಕೆ ಬೇಗ ಇಳಿಯಿತು. ಒಂದು ಗುಣವನ್ನು ದಿನವೂ ಹೊಸ ರೀತಿಯಲ್ಲಿ ಬಳಸಿದವರಲ್ಲಿ ಆರು ತಿಂಗಳ ನಂತರವೂ ಪರಿಣಾಮ ಕಂಡಿತು. ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಮತ್ತು ಅವು ನಡೆದ ಕಾರಣ ಬರೆದವರಲ್ಲೂ ಹಾಗೇ. ವಾರ ಮುಗಿದ ಮೇಲೂ ತಾವಾಗಿ ಅಭ್ಯಾಸ ಮುಂದುವರಿಸಿದವರಿಗೆ ಹೆಚ್ಚು ಲಾಭವಾಯಿತು. 2012ರಲ್ಲಿ ಇನ್ನೊಂದು ತಂಡ ಇದನ್ನೇ ಮತ್ತೆ ಮಾಡಿ ನೋಡಿದಾಗ ಸಂತೋಷ ಹೆಚ್ಚಿದ್ದು ನಿಜ, ಆದರೆ ಬಾಲ್ಯದ ಒಳ್ಳೆಯ ನೆನಪುಗಳನ್ನು ಬರೆದ ಹೋಲಿಕೆಯ ಗುಂಪಿಗಿಂತ ಹೆಚ್ಚಾಗಲಿಲ್ಲ. ಹಾಗಾಗಿ ಇದನ್ನು ಮಂತ್ರವೆಂದು ಮಾರುವವರನ್ನು ನಂಬಬೇಡಿ. ಅಪಾಯವಿಲ್ಲದ, ಮಾಡಿ ನೋಡಬಹುದಾದ ಅಭ್ಯಾಸ ಎನ್ನುವಷ್ಟಕ್ಕೆ ಆಧಾರವಿದೆ.

‘ಹೊಸ ರೀತಿ’ ಎಂಬಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕುತೂಹಲ ಎಂದರೆ ಕೂಡಲೇ ಪ್ರವಾಸ, ಹೊಸ ಕೋರ್ಸ್ ಎಂದು ಹೊರಟುಬಿಡುತ್ತಾರೆ. ಎರಡನೆಯ ದಿನಕ್ಕೇ ಯೋಜನೆ ಕುಸಿಯುತ್ತದೆ. ದಿನಕ್ಕೆ ಹತ್ತು ನಿಮಿಷ ಮೀರದ್ದು, ಈಗಾಗಲೇ ಮಾಡುತ್ತಿರುವ ಕೆಲಸದೊಳಗೇ ಹಿಡಿಸುವಂಥದ್ದು ಆಗಬೇಕು. ಇಡೀ ದಿನ ಬಿಲ್ಲುಗಳನ್ನು ತಾಳೆ ನೋಡುವ ಲೆಕ್ಕಪತ್ರ ವಿಭಾಗದ ಉದ್ಯೋಗಿಯ ಕುತೂಹಲವನ್ನೇ ತೆಗೆದುಕೊಳ್ಳಿ. ಸೋಮವಾರ, ಪದೇಪದೇ ತಪ್ಪಾಗಿ ಬರುವ ಒಂದು ಬಗೆಯ ಬಿಲ್ಲನ್ನು ಹಿಡಿದು ಆ ತಪ್ಪು ಮೊದಲು ಯಾರ ಮೇಜಿನಲ್ಲಿ ಹುಟ್ಟುತ್ತದೆ ಎಂದು ಪತ್ತೆ ಮಾಡುವುದು. ಮಂಗಳವಾರ, ಆ ಮೇಜಿನವರಿಗೆ ಫೋನ್ ಮಾಡಿ ಅವರ ಕೆಲಸದ ಕ್ರಮ ಕೇಳುವುದು. ತಪ್ಪು ಹೇಳುವುದಕ್ಕಲ್ಲ, ತಿಳಿಯುವುದಕ್ಕೆ. ಬುಧವಾರ, ದಿನವೂ ಬಳಸುವ ಸಾಫ್ಟ್‌ವೇರ್‌ನಲ್ಲಿ ಈವರೆಗೆ ಒತ್ತದ ಒಂದು ಮೆನು ತೆರೆದು ನೋಡುವುದು. ಗುರುವಾರ, ಪಕ್ಕದ ವಿಭಾಗದವರು ಈ ಲೆಕ್ಕವನ್ನು ಮುಂದೆ ಏನು ಮಾಡುತ್ತಾರೆ ಎಂದು ವಿಚಾರಿಸುವುದು. ಶುಕ್ರವಾರ, ತಿಳಿದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಹೊಸದಾಗಿ ಸೇರಿದವರಿಗೆ ಕೊಡುವುದು. ಶನಿವಾರ, ಭಾನುವಾರ ಇದೇ ಗುಣ ಮನೆಯಲ್ಲಿ: ಹಿರಿಯರ ಮೊದಲ ಕೆಲಸ ಹೇಗಿತ್ತು ಎಂದು ಕೇಳುವುದು, ನಡೆದುಹೋಗುವ ಬೀದಿಯಲ್ಲಿ ಹೆಸರು ಗೊತ್ತಿಲ್ಲದ ಒಂದು ಗಿಡವನ್ನು ಗುರುತಿಸುವುದು. ಗುರುವಾರದ್ದನ್ನು ಗಮನಿಸಿ. ಉದ್ದೇಶ ಎಂದು ಜನ ಕರೆಯುವುದು ಹೆಚ್ಚಾಗಿ ಅಲ್ಲಿ ಸಿಗುತ್ತದೆ, ತನ್ನ ಕೆಲಸ ಕೊನೆಗೆ ಯಾರ ಕೈ ಸೇರುತ್ತದೆ ಎಂದು ಕಣ್ಣಾರೆ ಕಂಡಾಗ.

ಬರೆದಿಡಲು ಒಂದು ಹಾಳೆ, ಮೂರು ಕಾಲಮ್ಮು ಸಾಕು: ಏನು ಮಾಡಿದೆ, ಎಷ್ಟು ಹೊತ್ತು, ಮುಗಿದ ಮೇಲೆ ಮನಸ್ಸು ಹೇಗಿತ್ತು. ಕೊನೆಯದಕ್ಕೆ 1ರಿಂದ 5ರ ಅಂಕ. ಎರಡು ದಿನ ತಪ್ಪಿದರೆ ವಾರವನ್ನು ಮೊದಲಿನಿಂದ ಶುರುಮಾಡಬೇಡಿ, ತಪ್ಪಿದ ಜಾಗ ಖಾಲಿ ಬಿಟ್ಟು ಮುಂದುವರಿಯಿರಿ. ಮೊದಲಿನಿಂದ ಶುರುಮಾಡುವ ಅಭ್ಯಾಸವೇ ಇಂಥ ಪ್ರಯತ್ನಗಳನ್ನು ಕೊಲ್ಲುವುದು. ಒಂದೇ ವಾರದಲ್ಲಿ ಐದೂ ಗುಣಗಳನ್ನು ಹಿಡಿಯಲೂ ಹೋಗಬೇಡಿ.

ಅತಿಯಾದರೆ ಗುಣವೂ ಗಾಯ ಮಾಡುತ್ತದೆ. ಪ್ರಾಮಾಣಿಕತೆ ಹೆಚ್ಚಾದರೆ ಒರಟು ಮಾತು, ಛಲ ಹೆಚ್ಚಾದರೆ ಕೈಬಿಡಬೇಕಾದ ಕೆಲಸಕ್ಕೂ ಅಂಟಿಕೊಳ್ಳುವುದು, ದಯೆ ಹೆಚ್ಚಾದರೆ ಎಲ್ಲರ ಕೆಲಸವೂ ತನ್ನ ತಲೆಯ ಮೇಲೆ. ಮೂರನೆಯ ಕಾಲಮ್ಮಿನಲ್ಲಿ ಅಂಕ ಸತತವಾಗಿ 2ಕ್ಕೆ ಇಳಿದರೆ ಗುಣ ತಪ್ಪಲ್ಲ, ಪ್ರಮಾಣ ತಪ್ಪು. ಅರ್ಧಕ್ಕೆ ಇಳಿಸಿ ನೋಡಿ.

ಉದ್ಯೋಗದ ಮಟ್ಟಿಗೆ ಇನ್ನೊಂದು ಉಪಯುಕ್ತ ಸುಳಿವಿದೆ. ಹಾರ್ಜರ್ ಮತ್ತು ರುಖ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಖ್ಯ ಗುಣಗಳಲ್ಲಿ ನಾಲ್ಕು ಅಥವಾ ಹೆಚ್ಚನ್ನು ಕೆಲಸದಲ್ಲಿ ಬಳಸುವವರು ಆ ಕೆಲಸವನ್ನು ಬರಿಯ ಸಂಬಳವಾಗಿ ನೋಡದೆ ತಮ್ಮ ಬದುಕಿನ ಕರೆಯಾಗಿ ನೋಡುವುದು ಹೆಚ್ಚು ಎಂದು ಕಂಡುಬಂತು. ಹೀಗಾಗಿ ರಾಜೀನಾಮೆ ಬರೆಯುವ ಮುಂಚೆ ಒಂದು ಲೆಕ್ಕ ಮಾಡಿ. ವಾರದ ಕೆಲಸಗಳನ್ನು ಸಾಲಾಗಿ ಬರೆದು ಪ್ರತಿಯೊಂದರ ಮುಂದೆ ಅದು ಯಾವ ಗುಣವನ್ನು ಕೇಳುತ್ತದೆ ಎಂದು ಗುರುತು ಹಾಕಿ. ನಿಮ್ಮ ಮುಖ್ಯ ಗುಣಗಳಲ್ಲಿ ಒಂದೋ ಎರಡೋ ಮಾತ್ರ ಬಂದರೆ, ಯಾವ ಕೆಲಸವನ್ನು ಸಹೋದ್ಯೋಗಿಯೊಂದಿಗೆ ಅದಲುಬದಲು ಮಾಡಿಕೊಂಡರೆ ಮೂರನೆಯದಕ್ಕೆ ಜಾಗ ಸಿಗುತ್ತದೆ ಎಂದು ಹುಡುಕಿ. ಎಲ್ಲಿಯೂ ಜಾಗ ಸಿಗುವುದಿಲ್ಲ ಎಂದು ಖಚಿತವಾದರೆ ಆಗ ಕೆಲಸ ಬದಲಿಸುವ ಯೋಚನೆಗೆ ಗಟ್ಟಿ ಕಾರಣ ಸಿಕ್ಕಂತೆ. ಆದರೆ ಸಂಬಳ ಸಾಲದಿದ್ದರೆ, ಕೆಲಸದ ಹೊತ್ತು ಮಿತಿಮೀರಿದ್ದರೆ, ಅವಮಾನ ನಡೆಯುತ್ತಿದ್ದರೆ ಯಾವ ಗುಣದ ಬಳಕೆಯೂ ಅದನ್ನು ಸರಿಪಡಿಸದು. ಅಂಥ ಕಡೆ ಸಿಬ್ಬಂದಿಗೆ ಈ ಸರ್ವೆ ಹಂಚಿ ‘ಸಂತೋಷವಾಗಿರಿ’ ಎನ್ನುವುದು ಅನ್ಯಾಯ. ನೇಮಕಾತಿಗೂ ಇದನ್ನು ಬಳಸಬಾರದು. ಕೆಲಸ ಬೇಕಾದವರು ಯಾವ ಉತ್ತರ ಒತ್ತಬೇಕೆಂದು ಯಾರಾದರೂ ಊಹಿಸಬಹುದು.

ಹಣ ಕೊಟ್ಟು ಪಡೆಯುವ ವಿಸ್ತೃತ ವರದಿಗಳೂ ಇವೆ. ಸ್ವಂತಕ್ಕೆ ಬಳಸುವವರಿಗೆ ಉಚಿತ ಪಟ್ಟಿ ಸಾಕು ಎಂಬುದು ನನ್ನ ಅಭಿಪ್ರಾಯ. ವರದಿಯ ವಿವರಣೆಗಿಂತ ಏಳು ದಿನದ ಆ ಹಾಳೆ ನಿಮ್ಮ ಬಗ್ಗೆ ಹೆಚ್ಚು ಹೇಳುತ್ತದೆ. ತಂಡಗಳೊಂದಿಗೆ ಕೆಲಸ ಮಾಡುವ ಸಲಹೆಗಾರರಿಗೆ ವರದಿ ಅನುಕೂಲವಾದೀತು.

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ನಿದ್ದೆ, ಹಸಿವು ಕೆಟ್ಟು, ಮೊದಲು ಇಷ್ಟವಾಗುತ್ತಿದ್ದುದೂ ಬೇಡವಾಗಿದ್ದರೆ ಈ ಸರ್ವೆಯನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ. ಆ ಸ್ಥಿತಿಯಲ್ಲಿ ಉತ್ತರಿಸಿದರೆ ಭರವಸೆ, ಉತ್ಸಾಹ, ಕೃತಜ್ಞತೆ ತಳಕ್ಕೆ ಹೋಗುವುದು ಸಹಜ. ಬದುಕಿನ ತೃಪ್ತಿಯೊಂದಿಗೆ ಗಾಢ ನಂಟಿರುವುದೂ ಇವಕ್ಕೇ ಎಂದು ಅಧ್ಯಯನಗಳು ಹೇಳುತ್ತವೆ. ಕಾಯಿಲೆಯ ಲಕ್ಷಣವನ್ನು ‘ನನ್ನ ಸ್ವಭಾವವೇ ಹೀಗೆ’ ಎಂದು ಓದಿಕೊಂಡುಬಿಡುವ ಅಪಾಯ ಅಲ್ಲಿದೆ.

ಉಳಿದವರು ಪಟ್ಟಿಯನ್ನು ಉಳಿಸಿಕೊಂಡು ಅದರ ಮೇಲೆ ದಿನಾಂಕ ಬರೆದಿಡಿ. ಕೆಲಸವೋ ಮನೆಯ ಪರಿಸ್ಥಿತಿಯೋ ಬದಲಾಗಿದ್ದರೆ ಆರು ತಿಂಗಳ ನಂತರ ಮತ್ತೆ ಮಾಡಬಹುದು, ಅದಕ್ಕೂ ಮುಂಚೆ ಬೇಡ. ಎರಡೂ ಪಟ್ಟಿಗಳ ಮೇಲಿನ ಎಂಟರಲ್ಲಿ ಉಳಿದುಕೊಂಡ ಗುಣಗಳಿಗೆ ಗೆರೆ ಎಳೆಯಿರಿ. ಮುಂದಿನ ವಾರದ ಹಾಳೆಯನ್ನು ಅವುಗಳಲ್ಲೊಂದರಿಂದ ಶುರುಮಾಡಿ.