ಯುದ್ಧದಾಟದ ಮೇಜಿಗೆ ರಸ್ತೆ: ಎಂಡಿಎಫ್, ಉಪ್ಪುಕಾಗದ, ಕ್ಯಾನ್ವಾಸ್

ಮೇಜಿನ ಮೇಲೆ ಪುಟ್ಟ ಸೈನಿಕರು, ಟ್ಯಾಂಕುಗಳನ್ನಿಟ್ಟು ಆಡುವ ಯುದ್ಧದಾಟಕ್ಕೆ ರಸ್ತೆಯನ್ನು ಯಾವುದರಲ್ಲಿ ಮಾಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯಾನ್ವಾಸ್ ಬಟ್ಟೆಗೆ ಆಕ್ರಿಲಿಕ್ ಸೀಲೆಂಟ್ (ಗೋಡೆ, ಕಿಟಕಿಯ ಸಂದು ಮುಚ್ಚುವ ಪೇಸ್ಟ್) ಬಳಿದು ಮಾಡುವ ರಸ್ತೆಗೆ. ರೆಡಿಮೇಡ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸೆಟ್‌ಗೆ ದುಡ್ಡು ಕೊಟ್ಟ ಮೇಲಂತೂ ಇದರಲ್ಲಿ ನನಗೆ ಅನುಮಾನವೇ ಉಳಿದಿಲ್ಲ.

ಎಂಡಿಎಫ್ ತುಂಡುಗಳು ಬರುವಾಗ ಚೆನ್ನಾಗಿಯೇ ಇರುತ್ತವೆ. ತಿರುವು, ಕೂಡುರಸ್ತೆ ಎಲ್ಲವೂ ಸರಿಯಾಗಿ ಕೂರುತ್ತವೆ. ತಾಪತ್ರಯ ಶುರುವಾಗುವುದು ಮರಳು ಅಂಟಿಸಿದಾಗ. ಪಿವಿಎ ಅಂಟಿನ (ಮರಗೆಲಸದ ಬಿಳಿ ಅಂಟು) ನೀರನ್ನು ಮೇಲ್ಮೈ ಮಾತ್ರ ಕುಡಿಯುತ್ತದೆ, ಅಡಿಭಾಗ ಒಣಗಿಯೇ ಇರುತ್ತದೆ. ಆಮೇಲೆ ಅಂಟು ಒಣಗುತ್ತಾ ಕುಗ್ಗಿ ಮೇಲ್ಮೈಯನ್ನು ಎಳೆಯುತ್ತದೆ. ಉದ್ದನೆಯ ತುಂಡಿನ ಎರಡೂ ತುದಿ ಮೇಲಕ್ಕೇಳುತ್ತವೆ. ಅದರ ಮೇಲೆ ಸೈನಿಕರನ್ನು ನಿಲ್ಲಿಸಿ ನೋಡಿ, ರಸ್ತೆ ತೊಟ್ಟಿಲಿನಂತೆ ತೂಗುತ್ತದೆ!

ಎರಡೂ ಮೈಗೆ, ಅಂಚಿಗೆ ಸ್ಪ್ರೇ ಪ್ರೈಮರ್ ಹೊಡೆದು, ಭಾರ ಹೇರಿ ಒಣಗಿಸಿದರೆ ಸೊಟ್ಟಗಾಗುವುದು ಬಹಳ ಕಡಿಮೆಯಾಗುತ್ತದೆ. ಆದರೆ ದಪ್ಪ ಎಲ್ಲಿಗೆ ಹೋಗಬೇಕು? 3 ಮಿ.ಮೀ. ಹಲಗೆ ಎಂದರೆ 1/56 ಅಳತೆಯಲ್ಲಿ (ಅಂದರೆ ಎಲ್ಲವೂ ನಿಜಕ್ಕಿಂತ 56 ಪಟ್ಟು ಚಿಕ್ಕದು) ಸುಮಾರು 17 ಸೆಂ.ಮೀ. ಎತ್ತರ. ನಿಜವಾದ ಫುಟ್‌ಪಾತಿನ ಅಂಚು ಇರುವುದೇ ಹೆಚ್ಚುಕಡಿಮೆ ಅಷ್ಟು. 1/100ರಲ್ಲಿ ಅದು 30 ಸೆಂ.ಮೀ. ಆಗುತ್ತದೆ. ಹಳ್ಳಿಯ ಮಣ್ಣುರಸ್ತೆ ಹೊಲಕ್ಕಿಂತ ಅಷ್ಟು ಮೇಲೆ ನಿಂತರೆ ಕಣ್ಣಿಗೆ ಚುಚ್ಚುತ್ತದೆ ಅಲ್ವಾ? ಗುಡ್ಡ ಹತ್ತಿಸಲು ಹೋದರಂತೂ ಜೋಡಣೆ ಗಾಳಿಯಲ್ಲೇ ನಿಲ್ಲುತ್ತದೆ.

ಉಪ್ಪುಕಾಗದ ಡಾಂಬರು ರಸ್ತೆಗೆ ಪರವಾಗಿಲ್ಲ. ಅಗ್ಗ, ಬೇಗ ಆಗುತ್ತದೆ, ಆದರೆ ಮೂಲೆ ಸುರುಳಿಕೊಳ್ಳುತ್ತದೆ. ಲೇಟೆಕ್ಸ್ (ರಬ್ಬರ್) ರಸ್ತೆ ಚೆನ್ನಾಗಿ ಬಾಗುತ್ತದೆ, ಆದರೆ ಹಳೆಯದಾದಂತೆ ಬಿರುಕು ಬಿಡುತ್ತದೆ.

ಇನ್ನು ನನ್ನ ಕ್ಯಾನ್ವಾಸ್. ಬಟ್ಟೆಯನ್ನು ಹಲಗೆಗೆ ಬಿಗಿಯಾಗಿ ಟೇಪ್ ಹಾಕಿ ಕೂರಿಸಿ. ಸೀಲೆಂಟಿಗೆ ಕಂದು ಬಣ್ಣ ಮೊದಲೇ ಕಲಸಿಬಿಡಿ. ಎಲ್ಲಾದರೂ ಕಿತ್ತುಬಂದರೂ ಬಿಳಿ ಕಾಣುವುದಿಲ್ಲ. ಸಿಲಿಕೋನ್ ಸೀಲೆಂಟ್ ಮಾತ್ರ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ತೆಳ್ಳಗೆ ಬಳಿದು, ಮರಳು ಉದುರಿಸಿ ಒತ್ತಿ. ಕೆನೆ ಕಟ್ಟುವ ಮೊದಲೇ ಹಳೆಯ ಮಾಡೆಲ್‌ನ ಚಕ್ರವನ್ನು ಉರುಳಿಸಿದರೆ ಗಾಡಿಜಾಡು ಸಿದ್ಧ. ಬೇಗ ಗಟ್ಟಿಯಾಗುವುದರಿಂದ ಒಂದೊಂದು ಗೇಣು ಬಳಿಯುತ್ತಾ ಹೋಗುವುದು ಒಳ್ಳೆಯದು. ಪೂರ್ತಿ ಒಣಗಿದ ಮೇಲೆ ಅಂಚನ್ನು ಅಂಕುಡೊಂಕಾಗಿ ಕತ್ತರಿಸಿ, ತಿಳಿ ಬಣ್ಣದಲ್ಲಿ ಡ್ರೈ ಬ್ರಷ್ ಮಾಡಿ (ಬಣ್ಣ ಒರೆಸಿದ, ಹೆಚ್ಚುಕಡಿಮೆ ಒಣ ಬ್ರಷ್‌ನಿಂದ ಉಬ್ಬುಗಳ ಮೇಲಷ್ಟೇ ಸವರಿ), ಎರಡು ಜಾಡುಗಳ ನಡುವೆ ಸ್ವಲ್ಪ ಹುಲ್ಲು ಅಂಟಿಸಿ. ಈ ನಡುಹುಲ್ಲೇ ರಸ್ತೆಗೆ ಜೀವ ತುಂಬುತ್ತದೆ.

ಅಗಲ ನಾನು 8 ಸೆಂ.ಮೀ. ಇಡುತ್ತೇನೆ. ಎರಡನೇ ಮಹಾಯುದ್ಧದ ಅಮೆರಿಕನ್ ಶೆರ್ಮನ್ ಟ್ಯಾಂಕಿನ ಅಗಲ 2.62 ಮೀಟರ್, 1/56ರಲ್ಲಿ 4.7 ಸೆಂ.ಮೀ. ಒಂದು ಟ್ಯಾಂಕ್ ಆರಾಮಾಗಿ ಹೋಗುತ್ತದೆ, ಎರಡು ಎದುರಾದರೆ ಒಂದು ಹೊಲಕ್ಕಿಳಿಯಬೇಕು. ಆಟಕ್ಕೂ ಅದೇ ಚೆಂದ.

ನಾನು ಆಡುವುದು ಬಟ್ಟೆಯ ಮ್ಯಾಟ್ ಮೇಲೆ, ಗುಡ್ಡ ಬೇಕಾದರೆ ಅಡಿಯಲ್ಲಿ ಪುಸ್ತಕ ಇಡುತ್ತೇನೆ. ಆಟ ಮುಗಿದ ಮೇಲೆ ಎಲ್ಲವೂ ಒಂದೇ ಡಬ್ಬಿಗೆ ಹೋಗಬೇಕು. ಹಾಗಾಗಿ ಬಾಗುವ ರಸ್ತೆಯೇ ನನಗೆ ಸರಿ, ಖರ್ಚೂ ಕಡಿಮೆ. ಫುಟ್‌ಪಾತ್ ಇರುವ ಪಟ್ಟಣವನ್ನು ಸಪಾಟು ಮೇಜಿನ ಮೇಲೆ ಕಟ್ಟುವವರು ಎಂಡಿಎಫ್ ತಗೊಳ್ಳಿ, ಪ್ರೈಮರ್ ಮಾತ್ರ ಎರಡೂ ಕಡೆ ಹೊಡೆಯಿರಿ.