‘ಬ್ಯಾಂಡ್ 9 ಪದಗಳು’ ಅಂತ ಪುಸ್ತಕ ಕೊಡುವ ಕೋಚಿಂಗ್ ಸೆಂಟರ್‌ಗಳ ಬಗ್ಗೆ ಎಚ್ಚರ

ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಕೋಚಿಂಗ್‌ಗೆ ದುಡ್ಡು ಕಟ್ಟಲು ಹೊರಟವರು ದಯವಿಟ್ಟು ಇದನ್ನೊಮ್ಮೆ ಓದಿ.

ನನ್ನ ತಂಗಿ ಎಂಎಸ್ ಮಾಡಲು ಹೊರದೇಶಕ್ಕೆ ಹೋಗಬೇಕು ಅಂತ ಬೆಂಗಳೂರಿನ ಒಂದು ಸೆಂಟರ್ ಸೇರಿದ್ದಳು. ಅಲ್ಲಿ ಕೈಗೆ ಕೊಟ್ಟಿದ್ದು ‘ಬ್ಯಾಂಡ್ 9 ಪದಗಳು’ ಅನ್ನುವ ಸ್ಪೈರಲ್ ಬೈಂಡಿಂಗ್ ಪುಸ್ತಕ (ಬ್ಯಾಂಡ್ 9 ಅಂದ್ರೆ ಈ ಪರೀಕ್ಷೆಯ ಅತಿ ಹೆಚ್ಚಿನ ಅಂಕ). ಎಡಗಡೆ ಸುಲಭದ ಪದ, ಬಲಗಡೆ ಕಷ್ಟದ ಪದ. ಉದಾಹರಣೆಗೆ ಅಂತ ಒಂದೇ ಒಂದು ವಾಕ್ಯ ಇಲ್ಲ. ‘ಫೇಮಸ್’ ಎದುರಿಗೆ ‘ನೊಟೋರಿಯಸ್’. ‘ಸ್ಮೆಲ್’ ಎದುರಿಗೆ ‘ಸ್ಟೆಂಚ್’. ದಿನಾ ಬಾಯಿಪಾಠ ಒಪ್ಪಿಸಬೇಕು, ಪ್ರಬಂಧದಲ್ಲಿ ಇವನ್ನು ತುರುಕಲೇಬೇಕು.

ಅವಳ ಅಭ್ಯಾಸದ ಹಾಳೆ ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಗಾಂಧೀಜಿ ‘ನೊಟೋರಿಯಸ್’ ನಾಯಕ ಅಂತ ಬರೆಸಿದ್ದರು. ಕೆಟ್ಟ ಕೆಲಸಕ್ಕೆ ಹೆಸರಾದವರಿಗೆ ಹೇಳುವ ಪದ ಅದು. ಇನ್ನೊಂದು ಕಡೆ ಮದುವೆಮನೆಯ ಮಲ್ಲಿಗೆಗೆ ‘ಸ್ಟೆಂಚ್’, ಅಂದ್ರೆ ಗಬ್ಬುನಾತ. ಎರಡಕ್ಕೂ ಕೆಂಪು ಇಂಕಿನಲ್ಲಿ ರೈಟ್ ಹಾಕಿ ‘ಗುಡ್ ವೊಕ್ಯಾಬುಲರಿ’ ಅಂತ ಬರೆದಿತ್ತು.

ರಿಸಲ್ಟ್ ಬಂದಾಗ ಕೇಳುವುದು, ಓದುವುದು, ಮಾತಾಡುವುದು ಈ ಮೂರರಲ್ಲೂ 7, ರೈಟಿಂಗ್‌ನಲ್ಲಿ ಮಾತ್ರ 5.5. ಅವಳು ಅರ್ಜಿ ಹಾಕಿದ್ದ ಕಡೆ ಯಾವುದರಲ್ಲೂ 6ಕ್ಕಿಂತ ಕಡಿಮೆ ಇರುವಂತಿಲ್ಲ. ಪರೀಕ್ಷೆ ಫೀಸೇ 15 ಸಾವಿರ ದಾಟುತ್ತದೆ, ಕೋಚಿಂಗ್‌ದು ಬೇರೆ. ಕೇಳಲು ಹೋದರೆ, “ಇನ್ನೂ ಜಾಸ್ತಿ ಪದ ಕಲೀಬೇಕಿತ್ತಮ್ಮ” ಅಂದರು. ಫೀಸ್ ವಾಪಸ್ ಕೊಡಲಿಲ್ಲ.

ರೈಟಿಂಗ್‌ನಲ್ಲಿ ನಾಲ್ಕು ಅಂಶ ನೋಡಿ ಅಂಕ ಕೊಡುತ್ತಾರೆ, ನಾಲ್ಕಕ್ಕೂ ಸಮಪಾಲು. ಪದಗಳ ಬಳಕೆ ಅದರಲ್ಲಿ ಒಂದು. ಅಲ್ಲೂ ಪದ ಎಷ್ಟು ದೊಡ್ಡದು ಅಂತಲ್ಲ, ಆ ಜಾಗಕ್ಕೆ ಹೊಂದುತ್ತಾ, ಪಕ್ಕದ ಪದದ ಜೊತೆ ಕೂಡುತ್ತಾ ಅಂತ ನೋಡುತ್ತಾರೆ. ಇಡೀ ಉತ್ತರ ಬಾಯಿಪಾಠದ್ದು ಅಂತ ಸಾಬೀತಾದರೆ ಸೊನ್ನೆ. ಇದೆಲ್ಲ ಪರೀಕ್ಷೆಯವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಆ ಸೆಂಟರ್‌ನಲ್ಲಿ ಯಾರೂ ಅದನ್ನು ಮಕ್ಕಳಿಗೆ ತೋರಿಸಿರಲಿಲ್ಲ.

ಜಿಆರ್‌ಇ (ಎಂಎಸ್‌ನಂಥ ಕೋರ್ಸ್ ಸೇರಲು ಬರೆಯುವ ಇನ್ನೊಂದು ಪರೀಕ್ಷೆ) ಬ್ಯಾಚ್‌ಗೂ ಅಲ್ಲಿ ಇದೇ ಪುಸ್ತಕ, ಜೊತೆಗೆ ವಿರುದ್ಧಪದಗಳ ಪಟ್ಟಿ. ಆ ಪರೀಕ್ಷೆಯಿಂದ ವಿರುದ್ಧಪದದ ಪ್ರಶ್ನೆಗಳನ್ನು 2011ರಲ್ಲೇ ತೆಗೆದಿದ್ದಾರೆ! ಈಗ ಕೇಳುವುದು ವಾಕ್ಯದ ಖಾಲಿ ಜಾಗಕ್ಕೆ ಯಾವ ಪದ ಕೂರುತ್ತದೆ ಅಂತ. ಸುಮ್ನೆ ಪಟ್ಟಿ ಉರು ಹೊಡೆದರೆ ಅದು ಹೇಗೆ ಬರುತ್ತೆ ಹೇಳಿ.

ದುಡ್ಡು ಕಟ್ಟುವ ಮೊದಲು ಅವರ ಪುಸ್ತಕದ ಎರಡು ಪುಟ ಕೇಳಿ ತೆಗೆಸಿ. ಪದದ ಪಕ್ಕ ವಾಕ್ಯ ಇಲ್ಲ ಅಂದ್ರೆ ಎದ್ದು ಬನ್ನಿ. ಐಇಎಲ್‌ಟಿಎಸ್ ಅನ್ನು ಕಂಪ್ಯೂಟರ್‌ನಲ್ಲಿ ಬರೆದು ಒಂದೇ ವಿಭಾಗದಲ್ಲಿ ಕಡಿಮೆ ಬಂದಿದ್ದರೆ, ಅದೊಂದನ್ನೇ 60 ದಿನದೊಳಗೆ ಮತ್ತೆ ಬರೆಯಬಹುದು. ಆದರೆ ಎಲ್ಲ ಯೂನಿವರ್ಸಿಟಿಗಳೂ ಅದನ್ನು ಒಪ್ಪುವುದಿಲ್ಲ, ಮೊದಲೇ ಇಮೇಲ್ ಮಾಡಿ ಕೇಳಿಕೊಳ್ಳಿ.